ಬಾಗಿಲು ಮುಚ್ಚಿ ನೋಡಿದ ಮನೆ

8 ನವೆಂಬರ್ 2004, ಸೋಮವಾರ

ಇವತ್ತೂ ಲಗ್ಗೆರೆ. ಊಟಕ್ಕೆ ಮುಂಚೆ ಇಪ್ಪತ್ತಮೂರು ಫಾರಂ ಮುಗಿಸಿದೆ. ಆಫೀಸಿನ ಹೊಸಬರು ದಿನಕ್ಕೆ ಹತ್ತು ಮಾಡಿದರೆ ಹೆಚ್ಚು. ಮೂವತ್ತು ವರ್ಷ ಕಂದಾಯ ವಸೂಲಿಗೆ ಬೀದಿ ಸುತ್ತಿದವನಿಗೆ ಮನೆ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಗರಸಭೆಯ ಹೊಸ ಯೋಜನೆ — ಖಾಸಗಿ ಬಾಡಿಗೆ ಮನೆಗಳ ಸುಧಾರಣೆ. ಕಿಟಕಿ, ಸೂರು, ಕಕ್ಕಸು. ಅರ್ಧ ಖರ್ಚು ನಗರಸಭೆಯದು, ಅರ್ಧ ಓನರ್‌ದು. ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ. ಯಾವ ಮನೆಗೆ ಮೊದಲು ಅಂತ ಪಟ್ಟಿ ಆಗಬೇಕು, ಅದಕ್ಕೇ ಈ ಸರ್ವೆ. ಉತ್ತಮ, ಸಾಧಾರಣ, ಕಳಪೆ — ಒಂದಕ್ಕೆ ಟಿಕ್. ಕಳಪೆ ಆದರೆ ಮಾತ್ರ ಪಟ್ಟಿಗೆ.

ಮುನಿಲಕ್ಷ್ಮಮ್ಮನ ವಠಾರ ನೋಡಿ ಖುಷಿಯಾಯಿತು. ಎದುರುಬದುರು ಒಂಬತ್ತು ಮನೆ, ಎಲ್ಲ ಒಂದೊಂದೇ ರೂಮು, ಎಲ್ಲರೂ ಗದಗ-ಕೊಪ್ಪಳದ ಕಡೆಯವರು. ದೀಪಾವಳಿ ಹತ್ತಿರ, ಎಲ್ಲ ಕಡೆ ಹೊಸ ಸುಣ್ಣ. ಮೊದಲನೇ ಮನೆ ಹೊನ್ನವ್ವನದು. ಗಾರ್ಮೆಂಟ್ಸ್ ಕೆಲಸ. ಸರಕಾರದವರು ಬರುತ್ತಾರೆಂದು ಅರ್ಧ ದಿನ ರಜೆ ಹಾಕಿದ್ದಳು ಪುಣ್ಯಾತ್ಗಿತ್ತಿ! ಬಾಗಿಲಲ್ಲಿ ರಂಗೋಲಿ, ಹಲಗೆ ಮೇಲೆ ಥಳಥಳ ಹಿತ್ತಾಳೆ, ಗೋಡೆ ತುಂಬ ಬಣ್ಣದ ಹಳೇ ಬಟ್ಟೆ ಚೂರುಗಳನ್ನು ಸೇರಿಸಿ ಹೊಲಿದ ಹೊದಿಕೆ, ಕೌದಿ. ಅತ್ತೆ ಶಾಂತವ್ವ ಹೊಲಿದದ್ದಂತೆ. ಮುದುಕಿ ಹೊಸ್ತಿಲ ಮೇಲೆ ಕೂತು ಇನ್ನೊಂದು ಹೊಲಿಯುತ್ತಿತ್ತು.

"ಚಾ ಕುಡೀಲಾರದ ಹೋಗಬ್ಯಾಡ್ರಿ ಸಾಹೇಬ್ರ" ಅಂದಳು ಹೊನ್ನವ್ವ.

ಕುಡಿದೆ. ಒಂಬತ್ತಕ್ಕೂ ಉತ್ತಮ.

16 ಡಿಸೆಂಬರ್, ಗುರುವಾರ

ಪಟ್ಟಿ ಬೋರ್ಡಿಗೆ ಅಂಟಿಸಿದರು. ನನ್ನ ವಾರ್ಡಿನಿಂದ ನಲವತ್ತೊಂದು ಮನೆ. ಎಂಜಿನಿಯರ್ ವೆಂಕಟೇಶ್ ಎಲ್ಲರ ಮುಂದೆ "ಗಂಗಾಧರಯ್ಯನವರ ಫಾರಂ ನೋಡಿ ಕಲೀರಿ" ಅಂದರು. ಮಗನ ವಯಸ್ಸಿನವರು. ಆದರೂ ಹಿತವಾಯಿತು, ಸುಳ್ಳೇಕೆ ಹೇಳಲಿ.

18 ಡಿಸೆಂಬರ್, ಶನಿವಾರ

ಯಾಕಾದರೂ ಹೋದೆನೋ!

ಅದೇ ಬೀದಿಯಲ್ಲಿ ಬೇರೆ ಕೆಲಸ. ಹೇಳದೆ ಕೇಳದೆ ಹೊನ್ನವ್ವನ ಮನೆಗೆ ನುಗ್ಗಿದೆ, ಚಹಾದ ಆಸೆಗೆ. ಅವಳಿಗೆ ಇವತ್ತು ರಜೆ. ಕೌದಿ ಒಗೆದು ಹೊರಗೆ ಹಾಕಿದ್ದರು. ಹಿಂದಿನ ಗೋಡೆ... ತೇವಕ್ಕೆ ಗಾರೆ ಉದುರಿ, ಇಟ್ಟಿಗೆ ಕಾಣುತ್ತಿದೆ. ಕೈ ಇಟ್ಟರೆ ಅಂಟುತ್ತದೆ. ಹೊನ್ನವ್ವ ಓಡಿಹೋಗಿ ಹಸಿ ಕೌದಿಯನ್ನೇ ತಂದು ಮುಚ್ಚಿದಳು. ನಾಚಿಕೆಯಿಂದ ಮುಖ ಕೆಂಪು.

ಅಷ್ಟರಲ್ಲಿ ಓಣಿಯಲ್ಲಿ ಯಾರೋ ಸ್ನಾನದ ನೀರಿಗೆ ಒಲೆ ಹಚ್ಚಿದರು. ಹೊಗೆಯೆಲ್ಲ ಒಳಗೆ. ಶಾಂತವ್ವ ಕೆಮ್ಮಿ ಕೆಮ್ಮಿ ಸುಸ್ತು. "ಬಾಗ್ಲಾ ಹಾಕ ಹೊನ್ನಿ" ಅಂದಿತು. ಹಾಕಿದಳು.

ಕಗ್ಗತ್ತಲೆ. ಹಗಲು ಹನ್ನೊಂದು ಗಂಟೆಗೆ! ನನ್ನ ಕೈ ನನಗೇ ಕಾಣಲಿಲ್ಲ. ಕಿಟಕಿಯೇ ಇಲ್ಲ. ಕರೆಂಟು ಓನರ್ ಕೊಡುವುದು ಸಂಜೆ ಆರರಿಂದ ಹತ್ತು. ಕತ್ತಲಲ್ಲಿ ಶಾಂತವ್ವ ಹೇಳಿತು — "ಹಗಲೆಲ್ಲಾ ಹಿಂಗs ನೋಡಪಾ. ಹೊಸ್ತಲ ಮ್ಯಾಗ ಕುಂತ್ರ ಹೊಗಿ, ಒಳಗ ಕುಂತ್ರ ಕತ್ತಲಿ. ಕೌದಿ ಯಾವಾಗ ಹೊಲೀಲಿ?"

ನವೆಂಬರಿನಲ್ಲಿ ಬಾಗಿಲು ತೆರೆದಿತ್ತು, ಬೆಳಗಿನ ಬಿಸಿಲು ಬಿದ್ದಿತ್ತು. ನಾನು ನೋಡಿದ್ದು ಹಿತ್ತಾಳೆ, ರಂಗೋಲಿ, ಕೌದಿ. ಮನೆ ನೋಡಲೇ ಇಲ್ಲ. ಮೂವತ್ತು ವರ್ಷದ ಅನುಭವವಂತೆ. ಥೂ.

20 ಡಿಸೆಂಬರ್, ಸೋಮವಾರ

ವೆಂಕಟೇಶರಿಗೆ ಹೇಳಿದೆ. "ಸೈನ್ ಮಾಡಿರೋದು ನೀವೇ ಅಲ್ವಾ? ತಪ್ಪಾಗಿದೆ ಅಂತ ಬರೆದುಕೊಡಿ, ಮರುಪರಿಶೀಲನೆ ಹಾಕ್ತೀನಿ. ಜನವರಿ 28ಕ್ಕೆ ಕೌನ್ಸಿಲ್ ಮೀಟಿಂಗು. ಅದು ದಾಟಿದರೆ ಮುಂದಿನ ವರ್ಷಾನೇ."

ಬರೆದುಕೊಟ್ಟರೆ ನನ್ನ ಫೈಲಿಗೆ ಕಪ್ಪು ಚುಕ್ಕೆ. ಮೇ ತಿಂಗಳಲ್ಲಿ ರಿಟೈರು. ಮನೆಯಲ್ಲಿ ಇವಳನ್ನು ಕೇಳಿದೆ. "ಬರೀರಿ. ಆ ಮುದುಕಿ ಕೆಮ್ಮು ನೆನೆಸ್ಕೊಂಡು ಎರಡು ರಾತ್ರಿಯಿಂದ ನೀವೂ ಮಲಗಿಲ್ಲ, ನನ್ನನ್ನೂ ಮಲಗೋಕೆ ಬಿಟ್ಟಿಲ್ಲ."

ಬರೆದೆ.

3 ಜನವರಿ 2005, ಸೋಮವಾರ

ನಾಡಿದ್ದು ಮರುಪರಿಶೀಲನೆ. ಹೊನ್ನವ್ವನಿಗೆ ಬುದ್ಧಿ ಹೇಳಲು ಹೋದೆ — ಕೌದಿ ತೆಗೆದಿಡಮ್ಮ, ಹಿತ್ತಾಳೆ ಒಳಗಿಡು, ಒಂದು ದಿನ ಸಾರಿಸಬೇಡ.

ಬೆಂಕಿಯಾದಳು. "ಮನಿಗೆ ದೊಡ್ಡವ್ರು ಬರ್ತಾರಂದ್ರ ಕಸಾ ಹೊಡೀಲಾರದ ಕುಂದರಬೇಕೇನ್ರಿ? ನಮ್ಮ ಮಾನ ನಾವs ಕಳಕೊಳ್ಳೂದಾ? ನಿಮ್ಮ ಪಟ್ಟಿ ಹಾಳಾಗಿ ಹೋಗ್ಲಿ!"

ಉಳಿದ ಎಂಟು ಮನೆಯವರೂ ಅವಳ ಹಿಂದೆಯೇ. ಸರಿ ಅಂತ ಓನರ್ ಹತ್ತಿರ ಹೋದೆ. ಮುನಿಲಕ್ಷ್ಮಮ್ಮನ ಸಹಿ ಇಲ್ಲದೆ ಒಂದು ಇಟ್ಟಿಗೆಯೂ ಅಲುಗುವುದಿಲ್ಲ. ಆಯಮ್ಮ ಎಮ್ಮೆಗೆ ಹುಲ್ಲು ಹಾಕುತ್ತಾ, "ಹನ್ನೆರಡು ವರ್ಷದಿಂದ ಒಬ್ರೂ ಒಂದು ಕಂಪ್ಲೇಂಟ್ ಹೇಳಿಲ್ಲ ಕಣಪ್ಪಾ. ಕನ್ನಡಿ ತರ ಇಟ್ಕೊಂಡವ್ರೆ. ನೀವು ಇವತ್ತು ಕಿಟಕಿ ಮಡಗು ಅಂತೀರ, ನಾಳೆ ಮನೇನೇ ಅವರಿಗೆ ಬರ್ಕೊಡು ಅಂತೀರ" ಅಂದಳು.

ಕಾಲಿಗೆ ಬೀಳುವುದೊಂದು ಬಾಕಿ. ನಾಡಿದ್ದು ಬಂದು ನಿಂತುಕೊಳ್ಳಿ ಸಾಕು ಅಂದೆ. ಹೂಂ ಅಂದಿದ್ದಾಳೆ.

5 ಜನವರಿ, ಬುಧವಾರ

ಗೆದ್ದೆ! ಗೆದ್ದೆವು!! ಎಲ್ಲ ಬರೆದಿಡಬೇಕು.

ಹನ್ನೆರಡಕ್ಕೆ ಹೋದೆವು. ರಂಗೋಲಿ ನವೆಂಬರಿನದಕ್ಕಿಂತ ಎರಡು ಪಟ್ಟು. ಊದುಬತ್ತಿ ಬೇರೆ! ಕೌದಿ ಗೋಡೆ ಮೇಲೆ ಜಂಬದಿಂದ ಕೂತಿದೆ. ವೆಂಕಟೇಶ್ ಒಳಗೆ ಕೂತು ಸುತ್ತ ನೋಡಿ, "ಇದಕ್ಕೇನ್ರೀ ಆಗಿರೋದು? ನನ್ನ ಮನೆಗಿಂತ ಚೆನ್ನಾಗಿದೆ" ಅಂದರು. ಮುನಿಲಕ್ಷ್ಮಮ್ಮ ಹೊಸ್ತಿಲಲ್ಲಿ ನಿಂತು "ನಾ ಹೇಳ್ಲಿಲ್ವಾ" ಅಂತ ನನ್ನ ಕಡೆ ನೋಡಿದಳು. ಹೊನ್ನವ್ವ ಹೆಮ್ಮೆಯಿಂದ ಚಹಾ ಸೋಸುತ್ತಿದ್ದಾಳೆ. ಇವಳನ್ನು ಏನು ಮಾಡಲಿ?

ಆಗ ಹೊಳೆಯಿತು. ಮನೆ ಹೇಗಾದರೂ ಇರಲಿ, ಎಷ್ಟು ಬೇಕಾದರೂ ಸಾರಿಸಿಕೊಳ್ಳಲಿ... "ಒಳಗೆ ಬನ್ನಿ ಮುನಿಲಕ್ಷ್ಮಮ್ಮ" ಅಂದೆ. ಬಂದಳು. ಎದ್ದು ಬಾಗಿಲು ಹಾಕಿ ಚಿಲಕ ಜಡಿದೆ.

"ಗಂಗಾಧರಯ್ಯನವರೇ, ಏನ್ರೀ ಇದು!"

"ಸಾರ್, ಫಾರಂ ನಿಮ್ಮ ಕೈಲೇ ಇದೆಯಲ್ಲ, ತುಂಬಿ."

ಪೆನ್ನು ಬಿದ್ದ ಶಬ್ದ. ಆಮೇಲೆ ಶಾಂತವ್ವನ ದನಿ — "ತಮ್ಮಾ, ನೀನರೆ ಹರೇದಾಂವ ಅದೀ. ಈ ಸೂಜ್ಯಾಗ ಒಂದೀಟು ದಾರಾ ಪೋಣಿಸಿ ಕೊಡು." ಎಂಜಿನಿಯರು ಪೋಣಿಸಲು ನೋಡಿದರು, ಪಾಪ. ಬೆರಳಿಗೆ ಚುಚ್ಚಿಕೊಂಡು "ಹಾ" ಅಂದರು. ಮುನಿಲಕ್ಷ್ಮಮ್ಮ ಬಾಗಿಲು ಹುಡುಕಲು ಹೋಗಿ ಹಲಗೆಗೆ ಭುಜ ತಾಗಿಸಿ, ಹಿತ್ತಾಳೆ ಚೊಂಬುಗಳೆಲ್ಲ ಢಣಢಣ ನೆಲಕ್ಕೆ. "ಅಯ್ಯೋ ಶಿವನೇ! ಬಾಗಿಲು ತೆಗೀರಪ್ಪಾ!"

ತೆಗೆದೆ. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಮುನಿಲಕ್ಷ್ಮಮ್ಮ ಮೆಲ್ಲಗೆ, "ಬಾಡಿಗೇನೂ ಬಾಗಿಲಲ್ಲೇ ಇಸ್ಕೊಂಡು ಹೋಗ್ತಿದ್ದೆ ಕಣವ್ವಾ. ಒಳಗೇ ಬಂದಿರಲಿಲ್ಲ" ಅಂದಳು.

ವೆಂಕಟೇಶ್ 'ಕಳಪೆ'ಗೆ ಟಿಕ್ ಹಾಕಿದ್ದು ನೋಡಿ ಹೊನ್ನವ್ವ ಮತ್ತೆ ಸಿಡಿದಳು. "ಯಾಕ್ರೀ? ಎಲ್ಲಿ ಕಸಾ ಐತಿ, ತೋರಸ್ರಿ!"

"ಇಲ್ಲಮ್ಮಾ, ಕೇಳಿ. ನೀವು ಇಟ್ಟುಕೊಂಡಿರೋದು ಉತ್ತಮ. ಕಟ್ಟಿರೋದು ಕಳಪೆ." ಹಾಗಂತಲೇ ಫಾರಂನಲ್ಲೂ ಬರೆದರು. ನನ್ನ ಸರ್ವಿಸ್‌ನಲ್ಲಿ ಅಂಥ ಷರಾ ನೋಡಿಲ್ಲ.

ಹೊನ್ನವ್ವ ತಾನೇ ಹೋಗಿ ಕೌದಿಯ ಒಂದು ಮೂಲೆ ಎತ್ತಿ ಹಿಡಿದಳು. "ಇಷ್ಟ ನೋಡ್ರಿ. ಭಾಳ ನೋಡಬ್ಯಾಡ್ರಿ."

ಮುನಿಲಕ್ಷ್ಮಮ್ಮ ನೋಡಿದಳು. "ಕಟ್ಟಿಸಿದೋಳು ನಾನೇ ಅಲ್ವೇ... ಎಲ್ಲಪ್ಪಾ ಹೆಬ್ಬೆಟ್ಟು ಒತ್ತೋದು?" ಅಂದಳು. ನನಗೆ ಕಣ್ಣಲ್ಲಿ ನೀರು ಬಂತು. ಹೊಗೆ ಅಂದೆ. ಓಣಿಯಲ್ಲಿ ಒಲೆ ಹಚ್ಚಿರಲೇ ಇಲ್ಲ.

28 ಜನವರಿ, ಶುಕ್ರವಾರ

ಕೌನ್ಸಿಲ್‌ನಲ್ಲಿ ಪಾಸ್! ಒಂಬತ್ತೂ ಮನೆ — ಉಳಿದ ಎಂಟನ್ನೂ ಅವತ್ತೇ ಬಾಗಿಲು ಹಾಕಿ ನೋಡಿದ್ದೆವು. ಅಷ್ಟೇ ಅಲ್ಲ, ಇನ್ನು ಮುಂದೆ ಪ್ರತಿ ಮನೆಯನ್ನೂ ಹಗಲಲ್ಲಿ ಬಾಗಿಲು ಮುಚ್ಚಿ ಒಮ್ಮೆ ನೋಡಬೇಕು ಅಂತ ಫಾರಂಗೆ ಹೊಸ ಕಲಂ ಸೇರಿಸಿದ್ದಾರೆ. ಹದಿನಾಲ್ಕನೇ ಕಲಂ. ನನ್ನ ಹೆಸರೇನೂ ಹಾಕಿಲ್ಲ. ಬೇಡ ಬಿಡಿ. ನನ್ನ ಫೈಲಿನಲ್ಲಿ ಆ ತಪ್ಪೊಪ್ಪಿಗೆ ಹಾಗೇ ಇರಲಿ, ಯಾರಾದರೂ ಓದಿಕೊಳ್ಳಲಿ.

ಪೇಡ ತಂದೆ. ಇವಳು "ಶುಗರ್ ಇದೆ, ಒಂದೇ" ಅಂದಳು. ಮೂರು ತಿಂದೆ.

11 ಏಪ್ರಿಲ್, ಸೋಮವಾರ, ಮಧ್ಯಾಹ್ನ 3, ಆಫೀಸಿನಲ್ಲೇ

ಯುಗಾದಿಗೆ ಎರಡು ದಿನ ಮೊದಲು ವಠಾರದ ಕೊನೇ ಕಿಟಕಿ ಕೂರಿಸಿ ಮುಗಿಸಿದ್ದರು. ಇವತ್ತು ನೋಡಿಬಂದೆ. ಒಲೆ ಓಣಿಯ ಆ ತುದಿಗೆ ಹೋಗಿದೆ. ಗೋಡೆಗೆ ಹೊಸ ಗಾರೆ. ಹೊನ್ನವ್ವ ಕೆಲಸಕ್ಕೆ ಹೋಗಿದ್ದಳು. ಬಾಗಿಲು ಹಾಕಿತ್ತು. ತಟ್ಟಿದರೆ ಒಳಗಿನಿಂದ "ಬಾರಪಾ, ಚಿಲಕಾ ಹಾಕಿಲ್ಲ" ಅಂತ ಶಾಂತವ್ವ.

ಬಾಗಿಲು ಮುಚ್ಚಿದ ಮನೆಯೊಳಗೆ ಬಿಸಿಲು! ಮುದುಕಿ ಕಿಟಕಿ ಕೆಳಗೆ ಕಾಲು ಚಾಚಿ ಕೂತಿತ್ತು, ಮಡಿಲಲ್ಲಿ ಕೌದಿ. ಗೋಡೆ ಮೇಲಿದ್ದದ್ದು ಈಗ ಹಾಸಿಗೆ ಮೇಲೆ. ಅವತ್ತಿನ ವೆಂಕಟೇಶರ ಪಾಡು ನೆನಪಾಗಿ ನಾನು ಸೂಜಿಗೆ ಕೈ ಚಾಚಿದೆ. "ಬಿಡಪಾ" ಅಂತ ಕೈ ಸರಿಸಿ, ದಾರದ ತುದಿ ನಾಲಗೆಗೆ ಸವರಿ, ಒಂದೇ ಸಲಕ್ಕೆ ತಾನೇ ಪೋಣಿಸಿಕೊಂಡಿತು. ನನ್ನ ಕಡೆ ನೋಡಿ ನಕ್ಕಿತು. ಬಾಯಲ್ಲಿ ಮೂರೇ ಹಲ್ಲು. ಆ ನಗುವಿಗೆ ಇಡೀ ಸರ್ವಿಸ್ ಬರೆದುಕೊಡಬಹುದು.

ರಿಟೈರ್ ಆಗಲು ಇನ್ನು ಐವತ್ತು ದಿನ. ಸುಮ್ಮನೆ ಕೂತು ಕಳೆಯೋಣ ಅಂದುಕೊಂಡಿದ್ದೆ. ಗೇಟಿನ ಹತ್ತಿರ ಗಲಾಟೆ. ಹೆಗ್ಗನಹಳ್ಳಿಯ ಯಾವುದೋ ವಠಾರದ ಹೆಂಗಸರಂತೆ, ಹದಿನೈದು ಜನ. "ಬಾಗಿಲು ಹಾಕೋ ಸಾರ್ ಯಾರು?" ಅಂತ ಕೇಳುತ್ತಿದ್ದಾರಂತೆ. ವೆಂಕಟೇಶ್ ಬೆರಳು ನನ್ನ ಕಡೆ ತೋರಿಸಿ ನಗುತ್ತಿದ್ದಾರೆ. ಕೊಡೆ ಎಲ್ಲಿಟ್ಟೆ... ಬಂದೆ ಬಂದೆ —