ತಮ್ಮ ಪಾದಗಳಲ್ಲಿ ಸದ್ದು ಮಾಡುತ್ತಿರುವ ನಮ್ಮ ಚಪ್ಪಲಿಗಳ ಕುರಿತು

ಮಾನ್ಯ ಪ್ರಾಂಶುಪಾಲರೇ,

ತಾವು ಈಗ ಮೆಟ್ಟಿಕೊಂಡು ಓಡಾಡುತ್ತಿರುವ ಕೊಲ್ಹಾಪುರಿ ಚಪ್ಪಲಿಗಳನ್ನು ಹೊಲಿದವನು ನನ್ನ ಅಪ್ಪ. ಅವುಗಳ ಪಟ್ಟಿಯ ಮೇಲಿನ ಜಡೆ ಹೆಣೆದವಳು ನನ್ನ ಅವ್ವ. ತಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ ನನಗೊಂದು ಮಂಚ ಸಿಗಲೆಂದು ನಾವು ಅವನ್ನು ಕೊಟ್ಟೆವು. ಚಪ್ಪಲಿ ತಮ್ಮ ಪಾದ ಸೇರಿದವು, ಮಂಚ ನನ್ನನ್ನು ಸೇರಲಿಲ್ಲ. ನನ್ನ ದೂರು ಇಷ್ಟೇ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತಮ್ಮ ಕಚೇರಿಗೆ ಕೊಟ್ಟ ಮೂರು ಅರ್ಜಿಗಳನ್ನು ಹೀಗೆಯೇ ಚಿಕ್ಕದಾಗಿ ಬರೆದಿದ್ದೆ. ಅವು ಯಾವ ಕಪಾಟಿನಲ್ಲಿ ಧ್ಯಾನಕ್ಕೆ ಕುಳಿತಿವೆಯೋ ಗೊತ್ತಿಲ್ಲ. ಅದಕ್ಕೇ ಈ ಸಲ ಉದ್ದವಾಗಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಚಿಕ್ಕೋಡಿ ಪಟ್ಟಣದಲ್ಲಿ ಕಾಲೇಜುಗಳು ಹಲವು ಇವೆ. ನಮ್ಮದು ಯಾವುದೆಂದು ನಾನು ಬರೆಯುವುದಿಲ್ಲ. ಕಾರಿಡಾರಿನಲ್ಲಿ ಪ್ರಾಂಶುಪಾಲರ ಕಾಲಿನ ಸದ್ದು ಕೇಳಿದವರಿಗೆ ತಾನಾಗಿಯೇ ಗೊತ್ತಾಗುತ್ತದೆ.

ಪ್ರವೇಶದ ದಿನ ತಮ್ಮ ಕಚೇರಿಯಲ್ಲಿ ನನ್ನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡರು, ಯಾರಿಗೂ ರ‍್ಯಾಗಿಂಗ್ ಮಾಡುವುದಿಲ್ಲ ಎಂದು. ಅಪ್ಪನೂ ಸಹಿ ಹಾಕಿದ. ಯಾರಿಗೂ ಏನನ್ನೂ ಮಾಡುವ ತಾಕತ್ತಿಲ್ಲದ ನಮ್ಮಿಬ್ಬರಿಂದ ಇಂಥ ಭರವಸೆ ಪಡೆದು ಸರ್ಕಾರ ನಿರಾಳವಾಯಿತು. ಹಾಸ್ಟೆಲಿನ ಅರ್ಜಿ ಎಲ್ಲಿ ಕೊಡಬೇಕು ಎಂದು ಕೇಳಿದಾಗ ಅದೇ ಮೇಜಿನ ಗುಮಾಸ್ತರು ತಲೆ ಎತ್ತದೆ ಹೇಳಿದರು: “ಅರ್ಜಿ ಇಲ್ಲೇ ಕೊಡ್ರಿ. ಖೋಲಿ ಬೇಕಂದ್ರ ಮಂಡಳದವ್ರನ್ನ ಕಾಣ್ರಿ.”

ಮಂಡಳ ಎಂದರೆ ಅಖಂಡ ಬಂಧು ಮಿತ್ರ ಮಂಡಳ. ಕಚೇರಿ ಕ್ಯಾಂಟೀನಿನ ಪಕ್ಕದ ಬೇವಿನ ಮರದ ಕೆಳಗೆ. ಅಧ್ಯಕ್ಷರು ಸಂಗ್ರಾಮದಾದಾ ಅವರು, ಬಿ.ಎ. ಕೊನೆಯ ವರ್ಷದಲ್ಲಿ ಮೂರು ವರ್ಷಗಳಿಂದ ನೆಲೆಸಿದವರು. ಗೇಟಿನ ಮೇಲಿನ ಫ್ಲೆಕ್ಸಿನಲ್ಲಿ ಕಪ್ಪು ಕನ್ನಡಕ ಹಾಕಿದ ಅವರ ಮುಖ ಎತ್ತಿನಗಾಡಿಯ ಚಕ್ರದಷ್ಟು ದೊಡ್ಡದಿದೆ. ಅದೇ ಫ್ಲೆಕ್ಸಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ತಾವಿದ್ದೀರಿ: ‘ಗೌರವಾಧ್ಯಕ್ಷರು’. ಯಾರ ಗೌರವ, ಯಾರ ಅಧ್ಯಕ್ಷತೆ ಎಂಬುದನ್ನು ಚಿತ್ರದ ಅಳತೆಯೇ ಹೇಳುತ್ತದೆ.

ಮಂಡಳಕ್ಕೆ ಸೇರಿದವನಿಗೇ ಹಾಸ್ಟೆಲಿನ ಖೋಲಿ. ಸೇರಲು ಬೇಕಾದ ತಯಾರಿಯ ಪಟ್ಟಿ ವಾಟ್ಸ್ಯಾಪಿನಲ್ಲಿ ಬಂತು. ಬಿಳಿ ಅಂಗಿ ತರಬೇಕು. ಹನ್ನೊಂದು ಜನ ದಾದಾಗಳ ಹೆಸರು, ಊರು ಸಮೇತ, ಹಿರಿತನದ ಕ್ರಮದಲ್ಲಿ ಬಾಯಿಪಾಠ ಬರಬೇಕು. ತನ್ನ ಪರಿಚಯವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ, ನೆಲ ನೋಡುತ್ತ ಹೇಳಬೇಕು. ಕೊನೆಯದಾಗಿ ಆಯಾರ ತರಬೇಕು. ನಮ್ಮ ಕಡೆ ಮದುವೆಯಲ್ಲಿ ಬೀಗರಿಗೆ ಆಯಾರ, ಅಂದರೆ ಉಡುಗೊರೆ, ಮಾಡುತ್ತಾರೆ. ಇಲ್ಲಿ ದಾದಾಗಳಿಗೆ. ಹಣ ಬೇಡವಂತೆ, ಅದು ಭ್ರಷ್ಟಾಚಾರ. ಅವರವರ ಮನೆಯಲ್ಲಿ ಏನು ತಯಾರಾಗುತ್ತದೆಯೋ ಅದನ್ನು ತಂದರೆ ಸಾಕು. ನನ್ನಂತೆಯೇ ಹೊಸಬನಾದ ಕಾಗವಾಡದ ಸಮ್ಮೇದನ ಮನೆಯಲ್ಲಿ ದ್ರಾಕ್ಷಿ ತೋಟವಿದೆ, ಅವನು ಒಣದ್ರಾಕ್ಷಿಯ ಡಬ್ಬಿ ತಂದ. ಸದಲಗಾದ ಹುಡುಗ ಪೇಢೆ ತಂದ. ನನ್ನದು ಅಥಣಿ ಕಡೆಯ ಹಳ್ಳಿ, ಚಪ್ಪಲಿ ಮಾಡುವ ಮನೆ. ನನ್ನ ಪಾಲಿಗೆ ಏನು ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ನಾನು ಮೊದಲು ಆಗುವುದಿಲ್ಲ ಎಂದೆ. ಎರಡು ವರ್ಷಗಳಿಂದ ನಿಪ್ಪಾಣಿಯ ಸಭೆಗಳಲ್ಲಿ ಹಂಚುವ ಕಿರುಹೊತ್ತಿಗೆಗಳನ್ನೆಲ್ಲ ತಂದು ಓದಿದವನು ನಾನು. ಹಕ್ಕು, ಕಾಣಿಕೆ ಇವೆರಡರ ವ್ಯತ್ಯಾಸದ ಮೇಲೆ ಅವ್ವನ ಮುಂದೆ ಒಂದು ಭಾಷಣವನ್ನೇ ಮಾಡಿದೆ. ಅವ್ವ, ಅಂದರೆ ತುಳಸವ್ವ, ಜಡೆ ಹೆಣೆಯುವುದನ್ನು ನಿಲ್ಲಿಸದೆ ಕೇಳಿದಳು: “ಲೇ ಸಂದ್ಯಾ, ನಿನ್ನ ಹೊತ್ತಿಗ್ಯಾಗ ಮಲಗಾಕ ಜಾಗಾ ಐತೇನು? ಇದ್ರ ಹೇಳು, ಕೌದಿ ಹಾಸಿ ಕೊಡ್ತೀನಿ.”

ಕ್ರಾಂತಿಯ ಹೊತ್ತಿಗೆಗಳನ್ನು ಮಡಚಿಟ್ಟೆ. ಬಾಯಿಪಾಠ ಶುರು ಮಾಡಿದೆ. ಅವ್ವನೇ ಪರೀಕ್ಷೆ ತೆಗೆದುಕೊಂಡಳು.

“ಏಳನೇದವ ಯಾರು?”

“ಭಾವುಸಾಹೇಬದಾದಾ, ರಾಯಬಾಗ.”

“ಏನ ಮಾಡ್ಯಾನ ಅಂವಾ?”

“ಏಳನೇದವ ಆಗ್ಯಾನ.”

ಬೇವಿನ ಮರದ ಕೆಳಗೆ ಸಂಗ್ರಾಮದಾದಾ ನನ್ನ ಕೈಗೆ ಮಡಚಿದ ಒಂದು ಕಾಗದ ಕೊಟ್ಟಿದ್ದರು. ಅವರು ಹೊಸಬರನ್ನು ಊರಿನ ಹೆಸರಿನಿಂದಲೇ ಕರೆಯುತ್ತಾರೆ. “ಏ ಅಥಣಿ, ಇದು ಮಾಪ. ಏಕದಮ್ ಛಲೋ ಆಗ್ಬೇಕ ನೋಡು,” ಎಂದರು. ತಮ್ಮದೇ ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯ ಬೆನ್ನ ಮೇಲೆ ಪೆನ್ನಿನಿಂದ ಎರಡು ಪಾದಗಳ ಸುತ್ತ ಗೆರೆ ಎಳೆದಿತ್ತು. ಕೊಟ್ಟವರ ಪಾದವೇ ಇರಬೇಕು ಎಂದುಕೊಂಡೆ. ಅಪ್ಪ ಅದನ್ನು ತೊಗಲು ಕತ್ತರಿಸುವ ಕಲ್ಲಿನ ಮೇಲೆ ಹರಡಿ, ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ನನ್ನ ಅಪ್ಪ ಕಾಮಣ್ಣನಿಗೆ ಅಕ್ಷರ ಓದುವುದು ಸ್ವಲ್ಪ ಕಷ್ಟ, ಕಾಲು ಓದುವುದು ಸುಲಭ.

“ಇದು ಆ ಹುಡುಗನ ಕಾಲಲ್ಲೋ ತಮ್ಮಾ. ಐವತ್ತು ದಾಟೇತಿ. ಬೂಟಿನ್ಯಾಗ ಇದ್ದು ಇದ್ದು ಕಿರುಬೆರಳು ಒಳಗ ಸರದೈತಿ. ಎಡಗಾಲ ಹೆಬ್ಬೆರಳಿನ ಬುಡಕ ಗಂಟು ಐತಿ ನೋಡಿಲ್ಲೆ. ನಿಂತು ದುಡಿಯೋ ಕಾಲಲ್ಲ ಇದು, ಕುಂತು ಹುಕುಂ ಮಾಡೋ ಕಾಲು.”

“ಅಪ್ಪಾ, ದಾದಾಗ ಬರೇ ಇಪ್ಪತ್ಮೂರು ವರ್ಷ.”

“ಹಂಗಾದ್ರ ಅವನ ಕಾಲು ಅವನಕಿಂತ ಮೊದ್ಲ ಹುಟ್ಟೇತಿ.”

ಓದಿದವನು ನಾನಲ್ಲವೇ? ನಾನೇ ಗೆದ್ದೆ. ತಾವು ಬಲ್ಲಿರಿ, ಎರಡು ಅಟ್ಟೆಗಳ ನಡುವೆ ಒಣಬೀಜ ಇಟ್ಟು ಹೊಲಿದರೆ ನಡೆಯುವಾಗ ಚಪ್ಪಲಿ ಕರ್ ಕರ್ ಎನ್ನುತ್ತದೆ. ನಮ್ಮ ಕಡೆಯ ಪ್ರಾಯದ ಹುಡುಗರಿಗೆ ಅದೊಂದು ಶೋಕಿ. “ಈ ವಯಸ್ಸಿನ ಕಾಲಿಗೆ ಸದ್ದು ಯಾಕೋ, ಮೆತ್ತಗ ಇರ್ಲಿ,” ಎಂದು ಅಪ್ಪ ಹೇಳಿದ. “ಇಲ್ಲಪ್ಪಾ, ದಾದಾ ಬಂದ್ರ ಇಡೀ ಕಾಲೇಜಿಗೆ ಗೊತ್ತಾಗ್ಬೇಕು, ಇನ್ನಷ್ಟು ಬೀಜ ಹಾಕು,” ಎಂದು ನಾನು ಹಟ ಹಿಡಿದೆ. ಅಪ್ಪ ಹಾಕಿದ. ಆದರೆ ಎಡಗಾಲಿನ ಪಟ್ಟಿಯನ್ನು ಮಾತ್ರ, ನನ್ನನ್ನು ಕೇಳದೆ, ಗಂಟಿಗೆ ತಾಗದಂತೆ ಒಂದು ಎಳೆ ಸಡಿಲ ಬಿಟ್ಟ. ಹೀಗಾಗಿ ತಮ್ಮ ಸದ್ದಿನ ಹೊಣೆ ನನ್ನದು, ತಮ್ಮ ಸುಖದ ಹೊಣೆ ಅಪ್ಪನದು. ಸದ್ದಿಗಾಗಿ ಬಹಿರಂಗವಾಗಿ ಕ್ಷಮೆ ಕೇಳುತ್ತೇನೆ. ತಾವು ಮೊದಲ ಮಹಡಿಯ ಮೆಟ್ಟಿಲು ಇಳಿಯುವಾಗಲೇ ಬೇವಿನ ಮರದ ಕೆಳಗೆ ಬೀಡಿ ಆರುತ್ತವೆ, ಪರೀಕ್ಷಾ ಕೋಣೆಯಲ್ಲಿ ಚೀಟಿಗಳು ಕಾಲುಚೀಲ ಸೇರುತ್ತವೆ. ಕಾಲೇಜಿನ ಶಿಸ್ತು ಇಷ್ಟು ಸುಧಾರಿಸಿದ್ದು ಬಹುಶಃ ಇದೇ ಮೊದಲು.

ಸ್ವಾಗತ ಸಮಾರಂಭದ ಬೆಳಿಗ್ಗೆ ನಾವು ಹೊಸಬರು ಬಿಳಿ ಅಂಗಿಯಲ್ಲಿ ಮುಂದಿನ ಸಾಲಿನ ಜಮಖಾನೆಯ ಮೇಲೆ ಕುಳಿತಿದ್ದೆವು. ವೇದಿಕೆ ನಮ್ಮ ಕಣ್ಣಿನ ಮಟ್ಟಕ್ಕಿತ್ತು, ಆದ್ದರಿಂದ ತಮ್ಮ ಮುಖಕ್ಕಿಂತ ತಮ್ಮ ಪಾದವೇ ನಮಗೆ ಹತ್ತಿರ. ತಾವು ಮೈಕಿನ ಮುಂದೆ ಬಂದಿರಿ, ಕರ್ ಕರ್. “ನಮ್ಮ ಕಾಲೇಜಿನಲ್ಲಿ ಮೇಲು ಕೀಳೆಂಬುದಿಲ್ಲ,” ಎಂದಿರಿ, ಕರ್. “ಇಲ್ಲಿ ಎಲ್ಲರೂ ಬಂಧುಗಳು,” ಎಂದಿರಿ, ಮತ್ತೆ ಕರ್. ಪಕ್ಕದಲ್ಲಿದ್ದ ಸಮ್ಮೇದ ನನ್ನ ಕಿವಿಯಲ್ಲಿ ಉಸುರಿದ: “ಲೇ, ನಿಮ್ಮ ಚಪ್ಪಲ ಮಾತಾಡಾಕತ್ತೈತಿ.”

“ಸುಮ್ನ ಕುಂಡ್ರು. ಸರ್ ಮಾತಾಡಾಕತ್ತಾರ.”

“ಇಬ್ರೂ ಮಾತಾಡಾಕತ್ತಾರೋ. ಆದ್ರ ಖರೇ ಹೇಳಾಕತ್ತಿದ್ದು ಚಪ್ಪಲ.”

ನಾನು ಎಡಪಟ್ಟಿಯನ್ನು ನೋಡಿದೆ. ಅವ್ವ ತಾನು ಹೆಣೆದ ಪ್ರತಿ ಜೋಡಿಯ ಎಡಜಡೆಯಲ್ಲಿ ಕೊನೆಯ ಎಳೆಯನ್ನು ಬೇಕೆಂದೇ ತಿರುವುಮುರುವು ಮಾಡುತ್ತಾಳೆ, ಮೆಟ್ಟಿದವರಿಗೆ ದೃಷ್ಟಿ ತಾಗದಿರಲೆಂದು. ಆ ಎಳೆ ಅಲ್ಲಿತ್ತು. ಅದರ ಪಕ್ಕದಲ್ಲಿ, ಅಪ್ಪ ಕಾಗದದ ಮೇಲೆ ಬೆರಳಿಟ್ಟು ತೋರಿಸಿದ ಜಾಗದಲ್ಲೇ, ಗಂಟು.

ದಾದಾ ಪ್ರೀತಿಯಿಂದ ಕೊಟ್ಟ ಕಾಣಿಕೆ, ನನಗೇನು ಗೊತ್ತು ಎಂದು ತಾವು ಹೇಳಬಹುದು. ಒಪ್ಪೋಣ. ಆದರೆ ಮಾನ್ಯರೇ, ವೇಳಾಪಟ್ಟಿಯ ಮೇಲೆ ಪಾದ ಊರಿ ನಿಂತವರು ತಾವೇ ಅಲ್ಲವೇ? ವಿದ್ಯಾರ್ಥಿಯೊಬ್ಬ ಬಗ್ಗಿ ತಮ್ಮ ಕಾಲ ಸುತ್ತ ಗೆರೆ ಎಳೆಯುವಾಗ, ಇದನ್ನು ಯಾರು ಹೊಲಿಯುತ್ತಾರೆ, ಯಾಕೆ ಹೊಲಿಯುತ್ತಾರೆ ಎಂದು ಕೇಳಬೇಕೆನ್ನಿಸಲಿಲ್ಲವೇ? ಕಾಲೇಜಿಗೆ ಬರುವ ಸೀಮೆಸುಣ್ಣದ ಡಬ್ಬಿಗೂ ರಸೀದಿ ಕೇಳುವ ತಾವು, ಕಾಲಿಗೆ ಬಂದದ್ದನ್ನು ಮಾತ್ರ ಏನೂ ಕೇಳದೆ ಮೆಟ್ಟಿದಿರಿ.

ಮರುವಾರ ಖೋಲಿಗಳ ಪಟ್ಟಿ ಹಾಸ್ಟೆಲಿನ ಬಾಗಿಲಿಗೆ ಬಿತ್ತು. ಅದರ ಮೇಲೆ ಕಾಲೇಜಿನ ಮುದ್ರೆ ಇಲ್ಲ, ತಮ್ಮ ಸಹಿಯೂ ಇಲ್ಲ, ಇದ್ದದ್ದು ಮಂಡಳದ ಹುಲಿಯ ಚಿತ್ರ. ಸಮ್ಮೇದನಿಗೆ ಹದಿನಾಲ್ಕನೇ ಖೋಲಿ. ಆ ಖೋಲಿಯಲ್ಲಿ ಎರಡು ಮಂಚ, ಒಂದು ಖಾಲಿ. ನನ್ನ ಹೆಸರು ಎಲ್ಲೂ ಇಲ್ಲ. ಸಮ್ಮೇದನನ್ನು ಕರೆದುಕೊಂಡು ಬೇವಿನ ಮರಕ್ಕೆ ಹೋದೆ.

“ಏ ಅಥಣಿ, ನಿನ್ನ ಆಯಾರ ಭಾರಿ ಇತ್ತ ಬಿಡು. ಸಾಹೇಬ್ರು ಖುಷ್ ಆಗ್ಯಾರ,” ಎಂದರು ಸಂಗ್ರಾಮದಾದಾ.

“ದಾದಾ, ಖೋಲಿ?”

“ನೀ ನಮ್ಮ ಬಂಧು ಅದೀಯೋ, ಯಾರ ಇಲ್ಲ ಅಂದ್ರು? ಆದ್ರ ಒಂದ ಖೋಲ್ಯಾಗ ಮಲಗೋರು ಒಪ್ಪಬೇಕಲ್ಲ. ಅವ್ರ ಮನಿಯವ್ರು ಕೇಳ್ತಾರ, ಜೋಡಿ ಯಾರ ಅದಾನ, ಯಾವ ಮಂದಿ ಅಂತ. ನೀ ಶ್ಯಾಣ್ಯಾ ಅದಿ, ತಿಳ್ಕೋ.”

“ನನ್ನ ಜೋಡಿ ಮಂಚ ಖಾಲಿ ಐತ್ರಿ ದಾದಾ,” ಎಂದ ಸಮ್ಮೇದ. “ನಾ ಒಪ್ಪೇನಿ. ನಮ್ಮ ಮನ್ಯಾಗೂ ಹೇಳೇನಿ.”

“ನೀ ಹೊಸಬ. ಹೊಸಬರು ಒಪ್ಪಾಂಗಿಲ್ಲ. ಒಪ್ಪೋದು ಮಂಡಳ.”

ಮಾನ್ಯರೇ, ಈ ತರ್ಕವನ್ನು ನನ್ನ ಮಂದಬುದ್ಧಿಗೆ ಬಿಡಿಸಿ ಹೇಳಿ. ನಮ್ಮ ಮನೆಯ ಕೈಗಳು ಹದ ಮಾಡಿದ ತೊಗಲು ತಮ್ಮ ಅಂಗಾಲಿಗೆ ದಿನವಿಡೀ ಅಂಟಿಕೊಂಡಿರಬಹುದು. ಆ ಕೈಗಳ ಮಗ ಮಾತ್ರ ಇನ್ನೊಬ್ಬನಿಂದ ನಾಲ್ಕು ಮೊಳ ದೂರದ ಮಂಚದಲ್ಲಿ ಮಲಗಬಾರದು. ಇದು ಯಾವ ಸೀಮೆಯ ಮಡಿ? ತಮ್ಮ ಕೋಣೆಯ ಹೊರಗೆ ಸಂವಿಧಾನದ ಪ್ರಸ್ತಾವನೆಯನ್ನು ಚೌಕಟ್ಟು ಹಾಕಿ ತೂಗುಬಿಟ್ಟಿದ್ದೀರಿ. ಅದರಲ್ಲಿ ಸ್ವಾತಂತ್ರ್ಯ, ಸಮಾನತೆಗಳ ಜೊತೆಗೆ ಭ್ರಾತೃತ್ವವೂ ಇದೆ. ಅದನ್ನು ಪಡೆಯಲು ಬಿಳಿ ಅಂಗಿ ಹಾಕಬೇಕೆಂದಾಗಲಿ, ಆಯಾರ ತರಬೇಕೆಂದಾಗಲಿ ಅಲ್ಲಿ ಬರೆದಿಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದೇನೆ.

ನಾನೂ ಸಾಚಾ ಅಲ್ಲ. ಹನ್ನೊಂದು ಹೆಸರುಗಳನ್ನು ನೆಲ ನೋಡುತ್ತ ಒಪ್ಪಿಸಿದವನು ನಾನೇ. ಮಂಚ ಸಿಕ್ಕಿದ್ದರೆ ಈ ಪತ್ರ ಬರೆಯುತ್ತಿದ್ದೆನೇ? ಬಹುಶಃ ಇಲ್ಲ. ಮುಂದಿನ ವರ್ಷ ಹನ್ನೆರಡನೆಯವನಾಗಿ, ಬೇರೆ ಯಾವನಿಂದಲೋ ನನ್ನ ಹೆಸರು ಬಾಯಿಪಾಠ ಮಾಡಿಸುತ್ತಿದ್ದೆನೇನೋ. ಈ ಮಂಡಳದ ನಿಜವಾದ ಶಕ್ತಿ ಇದೇ. ಒಳಗೆ ಹೋದವನು ಮಾತಾಡುವುದಿಲ್ಲ, ಹೊರಗೆ ನಿಂತವನ ಮಾತು ಯಾರೂ ಕೇಳುವುದಿಲ್ಲ. ಅದಕ್ಕೇ ಹೊರಗೆ ನಿಂತಿರುವಾಗಲೇ ಜೋರಾಗಿ ಹೇಳುತ್ತಿದ್ದೇನೆ.

ಈಗ ನಾನು ನಮ್ಮೂರಿನ ಮೊದಲ ಬಸ್ಸು ಹಿಡಿದು, ಅಥಣಿಯಲ್ಲಿ ಇನ್ನೊಂದು ಹತ್ತಿ, ಚಿಕ್ಕೋಡಿ ತಲುಪುವಷ್ಟರಲ್ಲಿ ಎರಡು ತರಗತಿಗಳು ಮುಗಿದಿರುತ್ತವೆ. ದಿನವೂ. ಕಳೆದ ಸೋಮವಾರ ನನಗೊಂದು ನೋಟಿಸು ಬಂತು: ಹಾಜರಾತಿ ಕಡಿಮೆಯಿದೆ, ಹೀಗೇ ಮುಂದುವರಿದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಸ್ಟೆಲ್ ಪಟ್ಟಿಯ ಮೇಲೆ ಇಲ್ಲದ ತಮ್ಮ ಸಹಿ ಇದರ ಮೇಲೆ ದುಂಡಗೆ, ಸ್ಪಷ್ಟವಾಗಿ ಇತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇಳಿಸುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

ಹುಲಿಯ ಚಿತ್ರದ ಪಟ್ಟಿಯನ್ನು ಹರಿದುಹಾಕಿ, ಅಂಕ ಮತ್ತು ಊರಿನ ದೂರ ನೋಡಿ ತಯಾರಿಸಿದ ಪಟ್ಟಿಯನ್ನು ತಮ್ಮ ಸಹಿಯೊಂದಿಗೆ ಅದೇ ಬಾಗಿಲಿಗೆ ಹಚ್ಚಿ. ಹದಿನಾಲ್ಕನೇ ಖೋಲಿಯ ಖಾಲಿ ಮಂಚವನ್ನು ನನಗೆ ಕೊಡಿ. ಸಮ್ಮೇದ ಬರೆದುಕೊಟ್ಟ ಒಪ್ಪಿಗೆಯನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಇನ್ನು ಮುಂದೆ ಆಯಾರ ತಂದವನ ಹೆಸರನ್ನಲ್ಲ, ತರಿಸಿಕೊಂಡವನ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿ, ಅದು ತಮ್ಮದೇ ಆದರೂ ಸರಿ.

ಚಪ್ಪಲಿಗಳನ್ನು ಹಿಂದಿರುಗಿಸಬೇಡಿ. ಅವು ಯಾರ ಕಾಲು ಸೇರಿದವೆಂದು ಹೇಳಿದಾಗ ಅಪ್ಪ ಸಿಟ್ಟಾಗುತ್ತಾನೆಂದು ಕಾದೆ. ಅವನು ಕೇಳಿದ್ದು ಇಷ್ಟೇ: “ಎಡಗಾಲ ಗಂಟಿಗೆ ಒತ್ತಾಂಗಿಲ್ಲಲ್ಲ? ಕೇಳಿದೇನು?” ಮೂರು ತಿಂಗಳಿಗೆ ಹೆಬ್ಬೆರಳು ತೂರಿಸುವ ಉಂಗುಟ ಸಡಿಲವಾಗುತ್ತದೆ. ನಾವು ಹೊಲಿದ ಜೋಡಿಯನ್ನು ನಾವೇ ಬಿಗಿ ಮಾಡಿಕೊಡುವುದು ನಮ್ಮ ಮನೆಯ ರೂಢಿ. ಅದಕ್ಕೆ ಕಾಗದ ಕಳಿಸಿದರೆ ಆಗುವುದಿಲ್ಲ, ಕಾಲೇ ಬರಬೇಕು. ಬನ್ನಿ. ಅವ್ವ ಚಹಾ ಕೊಡುತ್ತಾಳೆ, ಕುಡಿಯುವುದು ಬಿಡುವುದು ತಮ್ಮ ಬಂಧುತ್ವಕ್ಕೆ ಬಿಟ್ಟದ್ದು. ಅಪ್ಪ ತಮ್ಮ ಪಾದವನ್ನು ಮೊಣಕಾಲ ಮೇಲಿಟ್ಟುಕೊಂಡು ಎರಡು ಪ್ರಶ್ನೆ ಕೇಳುತ್ತಾನೆ. ಒತ್ತುತ್ತದೆಯೇ ಎಂಬುದು ಮೊದಲನೆಯದು. ಅದರ ಉತ್ತರ ನನಗೇ ಗೊತ್ತು, ಒತ್ತುವುದಿಲ್ಲ, ಒತ್ತದಂತೆ ಅವನೇ ನೋಡಿಕೊಂಡಿದ್ದಾನೆ. ಎರಡನೆಯದು: “ನಮ್ಮ ಹುಡುಗ ಯಾವ ಖೋಲ್ಯಾಗ ಅದಾನ್ರಿ?”

ಅದರ ಉತ್ತರವನ್ನು ಬರುವಾಗ ತಂದರೆ ಸಾಕು. ಬೇರೆ ಆಯಾರ ಬೇಡ.

ಇಂತಿ,
ತಮ್ಮ ಪಾದದ ಅಳತೆ ಬಲ್ಲ, ತಮ್ಮ ಪಟ್ಟಿಯಲ್ಲಿಲ್ಲದ ಬಂಧು,
ಸಂದೇಶ, ತಂದೆ ಕಾಮಣ್ಣ, ತಾಯಿ ತುಳಸವ್ವ
ಬಿ.ಎ. ಮೊದಲ ವರ್ಷ
ವಸತಿ: ಸದ್ಯಕ್ಕೆ ಅಥಣಿ–ಚಿಕ್ಕೋಡಿ ಬಸ್ಸು, ಹಿಂದಿನ ಬಾಗಿಲ ಹತ್ತಿರ, ನಿಂತುಕೊಂಡು