ಗಡಿಯಾರದ ಮಾಮನ ಮುಂದಿನ ಕಂತು

ಮನೆಯಿಂದ,
ಭಾನುವಾರ, ಮಾರ್ಚ್ ಒಂಬತ್ತು, ಮಧ್ಯಾಹ್ನ ಮೂರೂ ಹತ್ತು

ಪ್ರೀತಿಯ ಪುಟ್ಟಿಗೆ,

ನಿನ್ನ ಬಲಗೈ ಮಣಿಕಟ್ಟಿನ ನೋವು ಹೇಗಿದೆ? ಕೀಲಿಮಣೆಯ ಎತ್ತರವನ್ನು ಎರಡು ಸೆಂಟಿಮೀಟರ್ ತಗ್ಗಿಸಲು ಹೇಳಿದ್ದೆ. ತಗ್ಗಿಸಿರಲಾರೆ ಎಂದು ನನ್ನ ಅಂದಾಜು. ತಲೆನೋವು ಬಂದಾಗ ಮಾತ್ರೆ ನುಂಗಿ ಬರೆಯಲು ಕೂರಬೇಡ. ವಾರಕ್ಕೆ ಧಾರಾವಾಹಿಯ ಐದು ಕಂತು ಬರೆಯುವುದು ಮನುಷ್ಯರು ಮಾಡುವ ಕೆಲಸವಲ್ಲ ಎಂದು ನಿನ್ನ ಅಮ್ಮ ಗೊಣಗುತ್ತಾಳೆ, ಆದರೆ ಐದನ್ನೂ ಬಿಡದೆ ನೋಡುತ್ತಾಳೆ. ಇಲ್ಲಿ ನಾವಿಬ್ಬರೂ ಕ್ಷೇಮ. ಕ್ಷೇಮ ಎಂಬ ಈ ಪದ ಎಷ್ಟರಮಟ್ಟಿಗೆ ಸರಿ ಎಂದು ಕೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ "ಊಟ ಆಯ್ತಾ, ಸರಿ, ಅಮ್ಮಂಗೆ ಕೊಡ್ತೀನಿ" ಎಂಬಲ್ಲಿಗೆ ನನ್ನ ಫೋನಿನ ಮಾತು ಮುಗಿಯುವುದು ನಿನಗೆ ಗೊತ್ತೇ ಇದೆ. ಅಲ್ಲದೆ ಅಮ್ಮ ಪಕ್ಕದಲ್ಲಿಯೇ ಇರುತ್ತಾಳೆ.

ವಿಷಯ ನಿನ್ನ ಧಾರಾವಾಹಿಯ ಗಡಿಯಾರದ ಮಾಮನದು. ಮೊದಮೊದಲು ಅವನನ್ನು ನೋಡಿ ನಾನೂ ನಕ್ಕೆ. ಮಾತನಾಡುವಾಗ ಎದುರಿನವರ ಕಣ್ಣನ್ನು ಬಿಟ್ಟು ಕಿವಿಯನ್ನು ನೋಡುವವನು, ತಟ್ಟೆಯಲ್ಲಿ ತರಕಾರಿ ಅನ್ನಕ್ಕೆ ತಾಗಿದರೆ ತಟ್ಟೆಯನ್ನೇ ಬದಲಿಸುವವನು, ಮಿಕ್ಸಿ ಶುರುವಾದೊಡನೆ ಬಾಲ್ಕನಿಗೆ ಹೋಗಿ ನಿಲ್ಲುವವನು. ಹನ್ನೆರಡನೆಯ ಕಂತಿನಲ್ಲಿ ಅವನು ಬಾಗಿಲಿಗೆ ಬೀಗ ಹಾಕಿ, ಮೂರು ಸಲ ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ನಾಲ್ಕನೆಯ ಸಲ ಎಳೆದಾಗ ನನ್ನ ನಗು ನಿಂತಿತು. ನಾನೂ ನಾಲ್ಕನೆಯ ಸಲ ಎಳೆಯುವ ವಿಷಯ ನಮ್ಮ ಮೂವರಿಗೆ ಮಾತ್ರ ಗೊತ್ತು. ನಮ್ಮ ಲಿಫ್ಟ್ ತಪಾಸಣೆಯ ಕಚೇರಿಯಲ್ಲಿ ಕಿರಿಯ ಇನ್‌ಸ್ಪೆಕ್ಟರ್ ಒಬ್ಬರು, "ಸಾರ್, ಆ ಗಡಿಯಾರದ ಮಾಮ ನಿಮಗೆ ಅಣ್ಣನೋ ತಮ್ಮನೋ?" ಎಂದು ಕೇಳಿದರು. ನನಗೆ ಸೋದರರಿಲ್ಲ ಎಂದೆ. ಅಲ್ಲಿದ್ದವರೆಲ್ಲ ಜೋರಾಗಿ ನಕ್ಕರು.

ಹೋದ ವಾರ ಎದುರುಮನೆಯ ಟೀಚರಮ್ಮ ಒಂದು ಪತ್ರಿಕೆ ತಂದುಕೊಟ್ಟರು. ಟಿವಿಯ ಹಲವು ಪಾತ್ರಗಳಲ್ಲಿ ಆಟಿಸಂನ ಲಕ್ಷಣಗಳು ಕಾಣುತ್ತವೆ, ಆದರೆ ಬರೆದವರು ಆ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ ಎಂಬುದು ಲೇಖನದ ಸಾರಾಂಶ. ನಿನ್ನ ಮಾಮನೂ ಪಟ್ಟಿಯಲ್ಲಿದ್ದ. ಲಕ್ಷಣಗಳ ಇಂಥ ಪಟ್ಟಿ ಹಿಡಿದು ಮನೆಯವರನ್ನು ಅಳೆಯಬೇಡಿ, ಅದು ವೈದ್ಯರ ಕೆಲಸ ಎಂದು ಕೊನೆಯಲ್ಲಿ ಎಚ್ಚರಿಸಿದ್ದರು. ನಾನು ಅಳೆದೆ, ಅಳೆಯುವುದು ನನ್ನ ವೃತ್ತಿ. ಹದಿನಾಲ್ಕು ಲಕ್ಷಣಗಳಲ್ಲಿ ಹನ್ನೊಂದು ನನಗೆ ಕೂಡಿಬಂದವು. ಪುಟ್ಟೀ, ಐವತ್ತೆರಡನೆಯ ವಯಸ್ಸಿನಲ್ಲಿ ಆ ಪದ ನನ್ನದು ಎಂದಾದರೆ ನನಗೇನೂ ಅವಮಾನವಿಲ್ಲ. ಇಪ್ಪತ್ತೆಂಟು ವರ್ಷ ಲಿಫ್ಟುಗಳನ್ನು ಪರೀಕ್ಷಿಸಿದವನಿಗೆ, ತಾನು ಇಷ್ಟು ದಿನ ಕೇಳುತ್ತಿದ್ದ ಸದ್ದಿಗೊಂದು ಹೆಸರಿದೆ ಎಂದು ತಿಳಿಯುವುದು ಒಂದು ಬಗೆಯ ಸಮಾಧಾನವೇ. ಊರಿಗೆಲ್ಲ ಹೇಳುವ ಮೊದಲು ನನಗೊಂದು ಮಾತು ಹೇಳಬಹುದಿತ್ತು ಎಂದು ಅನ್ನಿಸಿತು, ಅಷ್ಟೆ. ನನ್ನ ಭಯ ಬೇರೆ. ಅದಕ್ಕೆ ಬರುವ ಮುನ್ನ ಒಂದು ತಿದ್ದುಪಡಿ ಸೂಚಿಸಬೇಕಾಗಿದೆ.

ಇಪ್ಪತ್ತನೆಯ ಕಂತಿನಲ್ಲಿ ಮಾಮನ ಮಗಳಿಗೆ ಆಪರೇಷನ್ ಆಗುತ್ತದೆ. ಅವನು ಆಸ್ಪತ್ರೆಯ ಗೋಡೆ ಗಡಿಯಾರವನ್ನು ಬಿಚ್ಚಿಕೊಂಡು ಕೂರುತ್ತಾನೆ. ಮಗಳು ಕಣ್ಣು ಬಿಟ್ಟಾಗ ಅಪ್ಪ ಎದುರಿಗಿಲ್ಲ. ನೀನು ಏಳು ವರ್ಷದವಳಿದ್ದಾಗ ಅಪೆಂಡಿಕ್ಸ್ ತೆಗೆದ ದಿನ ನಾನೂ ಎದುರಿಗಿರಲಿಲ್ಲ. ಅದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಕಾರಣ ನಿನ್ನ ಕಂತಿನಲ್ಲಿ ಇಲ್ಲ, ಏಕೆಂದರೆ ನಾನು ಯಾರಿಗೂ ಹೇಳಿಲ್ಲ. ಆಪರೇಷನ್ ಕೋಣೆ ನಾಲ್ಕನೆಯ ಮಹಡಿಯಲ್ಲಿತ್ತು. ನಿನ್ನನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಒಂದನೆಯ ಮಹಡಿಗೆ ಇಳಿಸಬೇಕಾಗಿದ್ದ ಲಿಫ್ಟಿನ ಫಲಕವನ್ನು ಓದಿದೆ. ಅದರ ತಪಾಸಣೆಯ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಬಾಗಿಲ ಬಳಿಯಿದ್ದ ದಾದಿಗೆ ಹೇಳಿದೆ. "ದಿನಾ ನೂರು ಜನ ಓಡಾಡ್ತಾರೆ, ಸುಮ್ನೆ ಕೂತ್ಕೊಳ್ಳಿ ಸಾರ್" ಎಂದರು. ನಾನು ಕೂರಲಿಲ್ಲ. ಮೆಟ್ಟಿಲು ಹತ್ತಿ ತಾರಸಿಯ ಮೋಟಾರು ಕೋಣೆಗೆ ಹೋದೆ, ಅಲ್ಲಿದ್ದ ಕೆಲಸದವನಿಗೆ ನನ್ನ ಗುರುತಿನ ಚೀಟಿ ತೋರಿಸಿದೆ, ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗಗಳನ್ನೂ ಬ್ರೇಕನ್ನೂ ಪರೀಕ್ಷಿಸಿದೆ. ನೀನು ಇಳಿಯುವವರೆಗೆ ಆ ಬ್ರೇಕಿನ ಪಕ್ಕದಲ್ಲಿ ನಿಂತಿದ್ದೆ. ನಾಲ್ಕರಿಂದ ಒಂದಕ್ಕೆ ಹದಿನೆಂಟು ಸೆಕೆಂಡು. ನಾನು ಕೆಳಗೆ ಬರುವಷ್ಟರಲ್ಲಿ ನಿನಗೆ ಎಚ್ಚರವಾಗಿತ್ತು. ನಿನ್ನ ಅಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೈಯಲ್ಲಿ ಗ್ರೀಸ್ ಇದ್ದುದರಿಂದ ನಿನ್ನನ್ನು ಮುಟ್ಟದೆ ದೂರ ನಿಂತೆ. ಅಂದೇ ಹೇಳಬೇಕಾಗಿತ್ತು. ಹೇಳಬೇಕಾದ ಹೊತ್ತಿನಲ್ಲಿ ಮಾತು ಕೆಟ್ಟ ಲಿಫ್ಟಿನಂತೆ ಎರಡು ಮಹಡಿಗಳ ನಡುವೆ ನಿಂತುಬಿಡುತ್ತದೆ.

ಈಗ ಭಯದ ವಿಷಯ. ಮೊನ್ನೆ ಗುರುವಾರದ ಕಂತಿನಲ್ಲಿ ಮಾಮನ ಹೆಂಡತಿ ಹೀಗೆನ್ನುತ್ತಾಳೆ: "ನಿಮ್ಮ ಜೊತೆ ಬಾಳೋದು ಗೋಡೆ ಜೊತೆ ಬಾಳಿದ ಹಾಗೆ ಕಣ್ರೀ. ಒರಗಿಕೊಳ್ಳಬಹುದು, ಆದ್ರೆ ತಿರುಗಿ ಒಂದು ಮಾತು ಬರಲ್ಲ." ಈ ಮಾತನ್ನು ನಾನು ಮೊದಲೇ ಕೇಳಿದ್ದೇನೆ. ಕಳೆದ ಅಕ್ಟೋಬರಿನಲ್ಲಿ, ನಮ್ಮ ಅಡುಗೆಮನೆಯಲ್ಲಿ, ಒಂದಕ್ಷರ ಆಚೀಚೆಯಿಲ್ಲದೆ. ನೀನು ಆಗಲೇ ಈಗಿರುವ ಊರಿಗೆ ಹೋಗಿ ಒಂದು ವರ್ಷವಾಗಿತ್ತು. ನಾನು ನಿನಗೆ ಹೇಳಿಲ್ಲ. ಎಂದ ಮೇಲೆ ನಿನಗೆ ಹೇಳಿದವಳು ನಿನ್ನ ಅಮ್ಮನೇ. ಅದೇ ಕಂತಿನಲ್ಲಿ, ಆ ಮಾತಿನ ಬೆನ್ನಿಗೇ, ಮಾಮನ ಹೆಂಡತಿ ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತಾಳೆ. "ನಾಲ್ಕು ದಿನ ಅಕ್ಕನ ಮನೆಗೆ ಹೋಗ್ಬರ್ತೀನಿ" ಎನ್ನುತ್ತಾಳೆ. ಮಾಮ ಏನೂ ಕೇಳದೆ ಸೂಟ್‌ಕೇಸಿನ ಚಕ್ರಕ್ಕೆ ಎಣ್ಣೆ ಬಿಟ್ಟು, "ಈಗ ಸರಾಗವಾಗಿ ಉರುಳುತ್ತೆ" ಎನ್ನುತ್ತಾನೆ. ಅಲ್ಲಿಗೆ ಕಂತು ಮುಗಿಯಿತು. ನಿನ್ನ ಅಮ್ಮ ನಗಲಿಲ್ಲ. ಎದ್ದು ಟಿವಿ ಆರಿಸಿದಳು. ಶುಕ್ರವಾರ ನೀನು ಆ ಮನೆಯನ್ನೇ ತೋರಿಸಲಿಲ್ಲ.

ನಿನ್ನೆ ಬೆಳಿಗ್ಗೆ ಅವಳು ನಮ್ಮ ಅಟ್ಟದಿಂದ ನೀಲಿ ಸೂಟ್‌ಕೇಸ್ ಇಳಿಸಿದಳು. ಮುಂದಿನ ಶನಿವಾರ ನಿನ್ನ ದೊಡ್ಡಮ್ಮನ ಮನೆಗೆ ಹೋಗುತ್ತಾಳಂತೆ. ನಾಲ್ಕು ದಿನಕ್ಕೆ ಎಂದಳು. ಆ ಮಾತೂ ಅವಳಿಂದಲೇ ನಿನಗೆ ಬಂದದ್ದೋ, ನಿನ್ನ ಕಂತಿನಿಂದ ಅವಳಿಗೆ ಬಂದದ್ದೋ, ಇಲ್ಲ ಕೇವಲ ಕಾಕತಾಳೀಯವೋ, ನನಗೆ ನಿರ್ಣಯಿಸಲಾಗುತ್ತಿಲ್ಲ. ಇವತ್ತು ಊಟದ ಹೊತ್ತಿಗೆ, ಎಷ್ಟು ದಿನದ ಸೀರೆ ತೆಗೆದಿಟ್ಟಿದ್ದಾಳೆಂದು ಎಣಿಸಿದೆ. ಒಂಬತ್ತು. ನಾಲ್ಕು ದಿನಕ್ಕೆ ಒಂಬತ್ತು ಏಕೆ ಎಂದು ಕೇಳಬೇಕೆಂದು ಅಡುಗೆಮನೆಯ ಬಾಗಿಲಿಗೆ ಎರಡು ಸಲ ಹೋದೆ. ಮೊದಲ ಸಲ ನೀರು ಕುಡಿದು ಬಂದೆ. ಎರಡನೆಯ ಸಲ ಅವಳೇ ತಿರುಗಿ, "ಏನ್ರೀ, ಏನಾದ್ರೂ ಬೇಕಿತ್ತಾ?" ಎಂದಳು. ಏನೂ ಇಲ್ಲ ಎಂದೆ. ಲಿಫ್ಟು ಓಡಾಡುವ ಬಾವಿಯೊಳಗೆ ಇಳಿದು ಹಗ್ಗ ಮುಟ್ಟಿ ನೋಡುವ ಕೆಲಸದಲ್ಲಿಯೂ ನನಗೆ ಇಷ್ಟು ಭಯವಾಗಿದ್ದಿಲ್ಲ. ಅಲ್ಲಿ ಯಾವುದು ಎಷ್ಟು ಭಾರ ತಡೆಯುತ್ತದೆ ಎಂಬುದು ನನಗೆ ತಿಳಿದಿರುತ್ತದೆ.

ಮೂರು ವಾರ ಮುಂಚಿತವಾಗಿ ಬರೆದಿಡುತ್ತೇನೆ ಎಂದು ನೀನು ಒಮ್ಮೆ ಹೇಳಿದ್ದೆ. ಆದ್ದರಿಂದ ಮಾಮನ ಹೆಂಡತಿ ಮರಳಿ ಬರುತ್ತಾಳೋ ಇಲ್ಲವೋ ಎಂಬುದು ನಿನಗೆ ಈಗಾಗಲೇ ಗೊತ್ತು. ಅದನ್ನು ನನಗೆ ಬರೆದು ತಿಳಿಸು. ಬಾರದಿದ್ದರೆ, ಅವನು ಯಾವ ದಿನ ಯಾವ ಮಾತನ್ನು ಹೇಳದೆ ಹೋದ ಎಂಬುದನ್ನೂ ಬರೆ. ಅದನ್ನು ನೋಡಿಕೊಂಡು ಓದಿಯಾದರೂ ನಿನ್ನ ಅಮ್ಮನಿಗೆ ಹೇಳುತ್ತೇನೆ. ನೀನು ಬರೆದದ್ದಕ್ಕೆ ನನಗೆ ಕೋಪವಿಲ್ಲ. ಬೀಗ ಎಳೆಯುವ ದೃಶ್ಯ ಬಹಳ ಚೆನ್ನಾಗಿ ಬಂದಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈ ನೋಯದಿರಲಿ, ಬರೆದದ್ದೆಲ್ಲ ಗೆಲ್ಲಲಿ ಎಂದು ಹರಸುವ,

ನಿನ್ನ ಅಪ್ಪ

ಮರೆತ ಮಾತು: ಕವರು ಉಬ್ಬಿರುವುದಕ್ಕೆ ಕಾರಣ ಬರೆಯಬೇಕು. ಈಗ ತಾನೇ ನಿನ್ನ ಅಮ್ಮ ಕೋಣೆಗೆ ಬಂದು, "ರೀ, ಸೂಟ್‌ಕೇಸಿನ ಒಂದು ಚಕ್ರ ಕಿರುಗುಟ್ಟುತ್ತೆ, ಸ್ವಲ್ಪ ನೋಡಿಕೊಡ್ತೀರಾ?" ಎಂದಳು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನೋಡುತ್ತೇನೆ ಎಂದೆ. ನೋಡಿದೆ. ಒಂದು ಹನಿ ಎಣ್ಣೆ ಬಿಟ್ಟರೆ ಸಾಕಾಗಿತ್ತು. ನಾನು ಅದನ್ನು ಬಿಚ್ಚಿದೆ. ಈ ಪತ್ರದ ಜೊತೆಗಿರುವುದು ಆ ಚಕ್ರ, ಅದರ ತಿರುಪು ಮತ್ತು ವಾಷರ್. ಇಷ್ಟು ವರ್ಷದಲ್ಲಿ ಚೆನ್ನಾಗಿದ್ದ ಒಂದು ವಸ್ತುವನ್ನು ನಾನು ಕೆಡಿಸಿದ್ದು ಇದೇ ಮೊದಲು. ಸೂಟ್‌ಕೇಸನ್ನು ಕೈಯಲ್ಲಿ ಎತ್ತಿಕೊಂಡೂ ಹೋಗಬಹುದು, ನನಗೆ ಗೊತ್ತಿದೆ. ಆದರೆ ಚಕ್ರ ಎಲ್ಲಿ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಆಗ ನಾನು ಉತ್ತರ ಹೇಳಲೇಬೇಕಾಗುತ್ತದೆ. ದಯವಿಟ್ಟು ಅದನ್ನು ಶನಿವಾರದೊಳಗೆ ವಾಪಸು ಕಳಿಸಬೇಡ.