ಕೈಯಿಂದ ಹೋದ ಹಗ್ಗ

ಮಾರ್ಚ್ ೧೨, ಮಂಗಳವಾರ

ಇವತ್ತು ಮಾವನವರು ನನ್ನ ಕೈಯಿಂದ ಹಗ್ಗ ಕಿತ್ತುಕೊಂಡರು. ಅದೇ ತಲೆಯಲ್ಲಿ ಕೊರೆಯುತ್ತಿದೆ.

ಮಾವನವರು ಹಿಡಿದ ಕೆಲಸ, ಶಾಲೆಯ ಅಂಗಳದ ಒಣಮರ ತೆಗೆಯುವುದು. ನನ್ನ ಗಂಡ (ಅಬ್ಬಾ, ಹೀಗೆ ಬರೆಯುವುದೇ ಎಷ್ಟು ಖುಷಿ!) ಮೇಲೆ ಕೂತು ಗರಗಸದ ಮೆಷಿನ್ನಿನಿಂದ ದೊಡ್ಡ ಕೊಂಬೆಯೊಂದನ್ನು ಕೊಯ್ದರು. ಅದಕ್ಕೆ ಕಟ್ಟಿದ ಹಗ್ಗ ಮರದ ಬುಡಕ್ಕೆ ಸುತ್ತು ಹಾಕಿಕೊಂಡು ನನ್ನ ಕೈಗೆ ಬಂದಿತ್ತು. ಕೊಂಬೆ ನಿಧಾನಕ್ಕೆ ಇಳಿಯುವಂತೆ ನಾನು ಹಗ್ಗವನ್ನು ಮೆಲ್ಲಗೆ ಜಾರಲು ಬಿಡಬೇಕಿತ್ತು. ಭಯಕ್ಕೆ ಗಟ್ಟಿಯಾಗಿ ಹಿಡಿದುಬಿಟ್ಟೆ. ಕೊಂಬೆ ತಟ್ಟನೆ ನಿಂತು ಇಡೀ ಮರ ಅಲ್ಲಾಡಿತು, ಜೊತೆಗೆ ನನ್ನ ರಾಜನೂ!

"ಗಂಡನ್ನ ಹಿಡ್ಕೊಂಡಂಗೆ ಹಿಡ್ಕೋಬೇಡಮ್ಮ, ಬಿಡು!" ಎಂದು ಮಾವ ಕೂಗಿದರು. ಎಲ್ಲರೂ ನಕ್ಕರು. ಇವರು ನಗಲಿಲ್ಲ. ಮಾವ ಹಗ್ಗ ಕಿತ್ತುಕೊಂಡು ಕೊಂಬೆಯನ್ನು ತಾವೇ ಇಳಿಸಿದರು.

ಸಂಜೆ ಮನೆಯ ಮಹಡಿಯ ಕಂಬಿಗೆ ಹಗ್ಗ ಸುತ್ತಿ, ನೀರು ತುಂಬಿದ ಬಕೆಟ್ ಇಳಿಸಿ ಇಳಿಸಿ ಅಭ್ಯಾಸ ಮಾಡಿದೆ. "ಇನ್ನೊಂದ್ಸಲ ನೆನೆಸಿದ್ರೆ ಸೋಪು ತಂದ್ಬಿಡ್ತೀನಿ ಕಣೇ!" ಎಂದರು ಕೆಳಗೆ ಅಂಗಳದಲ್ಲಿ ಒದ್ದೆಯಾಗಿ ನಿಂತಿದ್ದ ಅತ್ತೆ. ಕೊನೆಯ ಬಕೆಟ್ ಮಾತ್ರ ಒಂದು ಹನಿಯೂ ಚೆಲ್ಲದೆ ಅವರ ಕಾಲ ಬಳಿ ಕೂತಿತು!

ನಾಳೆ ಮಾವನವರ ಹತ್ತಿರ ಹಗ್ಗ ಕೇಳಿಯೇ ಕೇಳುತ್ತೇನೆ. ಒಪ್ಪದಿದ್ದರೆ ಅವರ ಎದುರಿಗೇ ಬಕೆಟ್ ಇಳಿಸಿ ತೋರಿಸುತ್ತೇನೆ. ಹಗ್ಗ ಉಜ್ಜಿ ಅಂಗೈ ಉರಿಯುತ್ತಿದೆ, ಕೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ. ಇವರ ಗೊರಕೆಯೂ ಎಷ್ಟು ಕ್ಯೂಟ್! ಇವರು ಮೇಲಿರುವಾಗ ಕೆಳಗೆ ಹಗ್ಗ ಹಿಡಿಯುವವಳು ನಾನೇ, ಬೇರೆ ಯಾರೂ ಅಲ್ಲ!